ಎರಡು ಮೀಟರ್ ನಲವತ್ತಮೂರು

ವರ್ಷಕ್ಕೊಮ್ಮೆ, ಆಗಸ್ಟಿನ ಎರಡನೆಯ ವಾರ,
ನನ್ನನ್ನು ಕರೆಯುತ್ತಾರೆ. ಉಳಿದ ದಿನ
ಕಟೊವಿತ್ಸೆಯ ಈ ಕ್ರೀಡಾಂಗಣಕ್ಕೆ ನಾನು ಯಾರೂ ಅಲ್ಲ.
ಕೈಯಲ್ಲಿ ಅಳತೆಗೋಲು, ಜೇಬಲ್ಲಿ ಸ್ಪ್ಯಾನರ್,
ಮೊಣಕಾಲಲ್ಲಿ ಮೂವತ್ತೊಂದು ವರ್ಷದ ಗಣಿ.

ನೆಟ್ಟಿನ ನಡುವೆ ಎರಡು ಮೀಟರ್ ನಲವತ್ತಮೂರು.
ತುದಿಗಳು ಎರಡು ಸೆಂಟಿಮೀಟರ್ ಹೆಚ್ಚಿದ್ದರೂ ನಡೆಯುತ್ತದೆ,
ಎರಡೂ ಸಮ ಇರಬೇಕು, ಅಷ್ಟೆ.
ನೆಲದಡಿ ಇದೇ ಕೆಲಸ ಮಾಡಿದವನು ನಾನು:
ರಾತ್ರಿಯಿಂದ ಬೆಳಗಿಗೆ ಸೂರು ಎಷ್ಟು ಬೆರಳು ಇಳಿಯಿತು
ಅಂತ ಕೋಲು ಹಿಡಿದು ನೋಡುವುದು.
ಅಲ್ಲಿ ಒಂದು ಬೆರಳು ತಪ್ಪಿದರೆ ಆಂಬುಲೆನ್ಸ್,
ಇಲ್ಲಿ ತಪ್ಪಿದರೆ ರೆಫರಿಯ ಮುಖ.
ಯಾವುದು ವಾಸಿ ಅಂತ ಯಾರೂ ಕೇಳಿಲ್ಲ.

ಟೂರ್ನಿಗೆ ಕೋಚ್ ಕೊವೊಲಿಕ್ ಹೆಸರು.
ಸರ್ಬಿಯಾ, ಇರಾನ್, ಜಪಾನ್, ನಮ್ಮವರು.
ಮೊದಲ ಪಂದ್ಯಕ್ಕೆ ಮುನ್ನ ಒಂದು ನಿಮಿಷ ಮೌನ,
ದೊಡ್ಡ ಪರದೆಯ ತುಂಬ ಅವರ ಹುಬ್ಬು.
ಒಂಬತ್ತು ಸಾವಿರ ಜನ ಎದ್ದು ನಿಲ್ಲುತ್ತಾರೆ,
ತುತ್ತೂರಿ ಹಿಡಿದ ಹುಡುಗರು ಕೂಡ.
ಆ ನಿಮಿಷ ನನಗೆ ಕೇಳುವುದು ಬೇರೆ:
ಎಪ್ಪತ್ತೊಂಬತ್ತರ ಚಳಿಗಾಲ, ಗಣಿ ಕ್ಲಬ್ಬಿನ ಹಾಲ್,
‘ಝೆನೊನ್, ನಿನ್ನ ಚೆಂಡು ಸದ್ದು ಮಾಡುತ್ತೆ.
ಸದ್ದು ಮಾಡುವ ಕೈ ಚೆಂಡು ಎತ್ತಿಕೊಡಬಾರದು. ಹೋಗು.’
ಹೋದೆ.
ಆರುನೂರ ಐವತ್ತು ಮೀಟರ್ ಕೆಳಗೆ ಹೋದೆ.

ಈ ಸಲ, ಹಿಂದಿನ ರಾತ್ರಿ ಹನ್ನೊಂದರ ಮೇಲೆ,
ಕೆಂಪು ಬಿಳಿ ಪಟ್ಟಿಯ ಆಂಟೆನಾ ಕಟ್ಟುತ್ತಿದ್ದೆ.
ಬಾಗಿಲಲ್ಲಿ ಜಪಾನಿನ ಸೆಟ್ಟರ್ ನಿಂತಿದ್ದ,
ಬರಿಗಾಲು, ಎದೆಗೆ ಅವಚಿದ ಚೆಂಡು.
ಅವನೂರಲ್ಲಿ ಆಗ ಬೆಳಗಾಗುತ್ತಿತ್ತೇನೋ.
ಬೆನ್ನ ಮೇಲೆ ಹೆಸರು: ಇಸೊಗಾಯಿ.
ಅವನಿಗೆ ಪೋಲಿಷ್ ಬಾರದು,
ನನಗೆ ಗಣಿಯ ಮಾತು ಬಿಟ್ಟರೆ ಇನ್ನೊಂದು ಬಾರದು.
ಕೈಯಲ್ಲೇ ಕೇಳಿದ: ಎಸೆಯುತ್ತೀಯಾ?

ಎಸೆದೆ.
ಹತ್ತು ಬೆರಳು ತೆರೆದವು, ಮುಚ್ಚಿದವು,
ಚೆಂಡು ಆಗಲೇ ಹೋಗಿತ್ತು. ಏನೂ ಕೇಳಲಿಲ್ಲ.
ಮತ್ತೆ ಎಸೆದೆ. ಕಿವಿಯಿಟ್ಟು ಎಸೆದೆ.
ಖಾಲಿ ಹಾಲಿನಲ್ಲಿ ಏಸಿಯ ಗುಂಯ್, ಹೊರಗೆ ದೂರದ ಟ್ರಾಮ್,
ಚೆಂಡಿನದು ಏನೂ ಇಲ್ಲ.
ನಲವತ್ತೈದು ವರ್ಷ ಮುದುಕನನ್ನು ಬೈದಿದ್ದೆ,
ಸದ್ದಿಲ್ಲದ ಚೆಂಡೂ ಇರುತ್ತದೆಯೇ ಅಂತ.
ಇರುತ್ತದೆ.

ಆಮೇಲೆ ಹುಡುಗ ಜಾಗ ಬದಲಿಸಿದ.
ಹೆಗಲು ಹಿಡಿದು ನನ್ನನ್ನು ನೆಟ್ಟಿನ ಪಕ್ಕ ನಿಲ್ಲಿಸಿ
ಹಿಂದೆ ಸರಿದು ಎಸೆದ.
ನನ್ನ ಬೆರಳು: ಎರಡು ಸೊಟ್ಟ, ಒಂದಕ್ಕೆ ಉಗುರಿಲ್ಲ,
ಗೆರೆಗಳಲ್ಲಿ ಯಾವ ಸೋಪಿಗೂ ಬಗ್ಗದ ಕಪ್ಪು.
ಟಪ್.
ಅವನು ನಗಲಿಲ್ಲ. ಇನ್ನೊಂದು ಎಸೆದ.
ಟಪ್.
ಹನ್ನೆರಡೋ ಹದಿಮೂರೋ ಟಪ್ ಆದ ಮೇಲೆ
ಒಂದು...
ಆಣೆ ಮಾಡುವುದಿಲ್ಲ.
ಆಗ ಟ್ರಾಮ್ ಹೋಗುತ್ತಿತ್ತು.

ಮಾರನೆಯ ದಿನ ಅವರು ನಮ್ಮವರಿಗೆ ಸೋತರು, ಮೂರು ಒಂದು.
ನಾನೂ ಚಪ್ಪಾಳೆ ಹೊಡೆದೆ, ನಮ್ಮವರಲ್ಲವೇ.
ಆದರೆ ಅವರು ಗೆದ್ದ ಆ ಒಂದು ಸೆಟ್ಟಿನಲ್ಲಿ
ಇಸೊಗಾಯಿ ಬೆನ್ನ ಹಿಂದಕ್ಕೆ ಒಂದು ಚೆಂಡು ಬಿಟ್ಟ.
ನಮ್ಮ ಮೂರು ಆಳೆತ್ತರದ ಹುಡುಗರು
ಹೋದ ಬಸ್ಸಿಗೆ ಕೈ ಮಾಡಿದವರಂತೆ
ಗಾಳಿಯಲ್ಲಿ ಉಳಿದರು.
ಅಷ್ಟು ಜನರ ಕೂಗಿನೊಳಗೆ
ಆ ಚೆಂಡಿನ ಮೌನ ನನಗೆ ಕೇಳಿತು ಅಂದರೆ
ಹೆಂಡತಿ ಯಾದ್ವಿಗಾ ಕಿವಿ ಡಾಕ್ಟರ ನಂಬರ್ ಹುಡುಕುತ್ತಾಳೆ.

ಕೊನೆಯ ರಾತ್ರಿ, ನೆಟ್ ಇಳಿಸುವ ಮೊದಲು, ಅಭ್ಯಾಸ, ಅಳೆದೆ.
ಎರಡು ನಲವತ್ತೆರಡೂವರೆ.
ಮೂರು ದಿನದ ಹೊಡೆತಕ್ಕೆ ಅರ್ಧ ಸೆಂಟಿಮೀಟರ್ ಕುಸಿದಿದೆ.
ಗಣಿಯಲ್ಲಾಗಿದ್ದರೆ ಶಿಳ್ಳೆ ಊದಿ ಎಲ್ಲರನ್ನೂ ಓಡಿಸುತ್ತಿದ್ದೆ.
ಇಲ್ಲಿ ಓಡಿಸಲು ಯಾರಿದ್ದಾರೆ,
ಪರದೆ ಆರಿಸಲು ಮರೆತಿದ್ದರು, ಮುದುಕನ ಹುಬ್ಬು ಅಲ್ಲೇ ಇತ್ತು.
ಅದಕ್ಕೆ ಹೇಳಬೇಕೆನಿಸಿತು, ಆ ಹದಿಮೂರನೆಯದನ್ನು.
ಹೇಳದೆ ನೆಟ್ ಸುತ್ತಿದೆ,
ಕಂಬಗಳನ್ನು ತಳ್ಳುಗಾಡಿಗೆ ಹಾಕಿದೆ.
ಅವು ಮಾತ್ರ, ಹಾಳಾದವು,
ಇಡೀ ಕಟ್ಟಡ ಎದ್ದು ಕೂರುವಷ್ಟು ಸದ್ದು ಮಾಡಿದವು.