ಮೀಸೆಯ ಆಚೆಗಿನ ಚುಕ್ಕೆ

ಬಾಲ್‌ಸ್ಟಾಡಿನ ಮೀನು ಕಚೇರಿಯಲ್ಲಿ
ಏಪ್ರಿಲಿನ ಕೊನೆಯ ಗುರುವಾರ
ಹೀಟರಿನ ಮೇಲೆ ಕೈಗವಸು ಒಣಹಾಕಿ
ನಾಲ್ಕು ತಿಂಗಳ ಕಾಡ್ ಮೀನನ್ನು
ನಾಲ್ಕು ಪೆಟ್ಟಿಗೆಗೆ ತುಂಬುತ್ತ ಕೂತಿದ್ದೇನೆ.

ಹೊರಗೆ ಕಟ್ಟೆಯ ಮೇಲೆ ಐಸು ಸುರಿದ ನಿಜದ ಪೆಟ್ಟಿಗೆ.
ಇವು ಬರಿ ಗೆರೆಯವು, ನಾರುವುದಿಲ್ಲ.
ಒಳಗೆ ಅರ್ಧದಷ್ಟು ಮೀನು, ನಡುವೆ ಒಂದು ಗೆರೆ,
ಮೇಲೊಂದು ಮೀಸೆ, ಕೆಳಗೊಂದು ಮೀಸೆ.
ಕಾಡ್ ಮೀನಿಗಿರುವುದು ಒಂದೇ, ಗದ್ದದಡಿ.
ಈ ಚಿತ್ರ ಕಂಡುಹಿಡಿದವರು ಬೆಕ್ಕು ಸಾಕಿದ್ದರೇನೋ.

ಸುಮ್ಮನಿದ್ದರೆ ತಂತ್ರಾಂಶ ಎಲ್ಲಕ್ಕೂ ಬೂದಿ ಬಳಿಯುತ್ತದೆ.
ಬಣ್ಣ ಬೇಕಾದರೆ ಹೆಸರು ಹಿಡಿದು ಕರೆಯಬೇಕು.
ಆರುನೂರಕ್ಕೂ ಮಿಕ್ಕಿ ಹೆಸರು ಅದಕ್ಕೆ ಬಾಯಿಪಾಠ:
ಟೊಮ್ಯಾಟೊ ಇದೆ, ಪಪ್ಪಾಯಿ ಇದೆ,
ಬೂದಿಯಲ್ಲೇ ನೂರೊಂದು ಬಗೆ ಇದೆ,
ಸಾಲ್ಮನ್ ಕೂಡ ಇದೆ.
ಕಾಡ್ ಇಲ್ಲ.
ಎದುರು ಕೊಲ್ಲಿಯ ಪಂಜರದ ಮೀನಿನ ಬಣ್ಣವನ್ನು
ನಮ್ಮ ಮೀನಿಗೆ ಬಳಿದೆನೋ,
ಈ ಊರಲ್ಲಿ ನನಗೆ ಕಾಫಿ ಹುಟ್ಟುವುದಿಲ್ಲ.

ಹಾಗಾಗಿ ಫೆಬ್ರವರಿ ಹಸಿರು, ಮಾರ್ಚ್ ಕೆಂಪು.

ಐಲಿಫ್ ಹಿಂದಿನಿಂದ ಬಗ್ಗಿ ನೋಡಿದ.
"ಈ ಎರಡಕ್ಕೂ ಒಂದೇ ಬಣ್ಣ ಯಾಕೆ, ರಾಗ್ನ್‌ಫ್ರಿಡ್?"
ನಕ್ಕೆ.
ಅವನು ನಗಲಿಲ್ಲ.

ಇಪ್ಪತ್ತಾರು ವರ್ಷ ಒಂದೇ ತಕ್ಕಡಿಯ
ಆಚೆ ಅವನು, ಈಚೆ ನಾನು.
ಕಡಲಿಗಿಳಿದರೆ ಹೊಟ್ಟೆ ತೊಳಸುತ್ತದೆ, ಅದಕ್ಕೇ ದಡ ಹತ್ತಿದೆ
ಅಂತ ಹೇಳಿಕೊಂಡಿದ್ದ; ಊರೂ ನಂಬಿತ್ತು;
ಸ್ಟೋರ್‌ಹೌಗ್ ಮನೆತನದ ಗಂಡು, ದೋಣಿ ನಡೆಸದವನು,
ಅಂತ ಅವನ ಚಿಕ್ಕಪ್ಪ ಸಾಯುವವರೆಗೂ ಆಡಿಕೊಂಡಿದ್ದ.

ದೋಣಿಯ ಎಡಕ್ಕೆ ಕೆಂಪು ದೀಪ, ಬಲಕ್ಕೆ ಹಸಿರು.
ಕತ್ತಲಲ್ಲಿ ಕಂಡವನು
ಇತ್ತ ಬರುತ್ತಿದ್ದಾನೋ ಅತ್ತ ಹೋಗುತ್ತಿದ್ದಾನೋ
ಆ ಎರಡೇ ಅಕ್ಷರದಲ್ಲಿ ಓದಿಕೊಳ್ಳಬೇಕು.
ಹತ್ತೊಂಬತ್ತರ ಹುಡುಗನನ್ನು ಚುಕ್ಕೆಗಳ ಪುಸ್ತಕದ ಮುಂದೆ ಕೂರಿಸಿ
ಯಾವ ಅಂಕಿ ಕಾಣುತ್ತದೆ ಎಂದು ಕೇಳಿರಬೇಕು.
ಕಂಡಿರಲಿಕ್ಕಿಲ್ಲ.

ನಾನು ಏನೂ ಕೇಳಲಿಲ್ಲ.
ಒಂದು ಸಾಲು ಅಳಿಸಿ ಬರೆದೆ: ನೀಲಿ, ಕಿತ್ತಳೆ.
"ಈಗ?"
"ಹ್ಞೂಂ" ಅಂದ.
ಕಾಫಿ ಬಗ್ಗಿಸಿ ತಂದುಕೊಟ್ಟ, ಸಕ್ಕರೆ ಹಾಕಿ.
ನಾನು ಸಕ್ಕರೆ ಬಿಟ್ಟು ನಾಲ್ಕು ವರ್ಷ.
ಕುಡಿದೆ.

ಇನ್ನು ಉಳಿದದ್ದು ಮಾರ್ಚಿನ ನೆತ್ತಿಯ ಮೇಲೆ,
ಮೀಸೆಗೂ ಎಷ್ಟೋ ಎತ್ತರದಲ್ಲಿ, ಒಂಟಿ ಗುರುತು:
೨೧೨ನೇ ಮೀನು, ನಲವತ್ತೊಂದೂವರೆ ಕಿಲೋ.
ಬರ್ಗೆನ್ನಿನವರು ಕೇಳುತ್ತಿದ್ದಾರೆ:
೪.೧೫ ಇರಬೇಕಲ್ಲವೇ? ಬಿಂದು ಜಾರಿದೆಯೇ?

ತೂಕದ ಪುಸ್ತಕ ತೆಗೆದೆ.
ನಾಲ್ಕಕ್ಕೂ ಒಂದಕ್ಕೂ ನಡುವೆ
ಮೀನಿನ ಪೊರೆಯೊಂದು ಅಂಟಿ ಒಣಗಿದೆ.
ಒಂದಕ್ಕೂ ಐದಕ್ಕೂ ನಡುವೆ ಕಂದು ಕಲೆ,
ಶಾಯಿಯೋ ರಕ್ತವೋ.
ಪೊರೆಯನ್ನು ಉಗುರಲ್ಲಿ ಎಬ್ಬಿಸಿದರೆ
ಕಾಗದವೂ ಜೊತೆಗೇ ಎದ್ದು ಬಂತು.

ಬಿಂದು ಎಲ್ಲಿತ್ತೋ, ಈಗ ಅದು
ಪುಸ್ತಕ ಬಿಟ್ಟು ಪರದೆಯ ಮೇಲೆ ಹೋಗಿ ಕೂತಿದೆ.

ಎಂಟು ಒತ್ತಿದರೆ ನಕ್ಷತ್ರ. ಮೆರವಣಿಗೆ ಹೆಚ್ಚಾಯಿತು.
ನಾಲ್ಕು ಒತ್ತಿದರೆ ಕತ್ತರಿ. ಮೇಷ್ಟರು ತಪ್ಪು ಹಾಕಿದ ಹಾಗೆ.
ಹದಿನಾರಕ್ಕೆ ತುಂಬಿದ ಚುಕ್ಕೆ,
ಬೈಬಲ್ ಮುಟ್ಟಿ ಹೇಳಿದಷ್ಟು ಗಟ್ಟಿ.
ಅಷ್ಟು ಗಟ್ಟಿಯಾಗಿ ನಾನು ಹೇಳಲಾರೆ.

"ಎತ್ತಿದ್ದು ನಾನೇ" ಅಂದ ಐಲಿಫ್ ಬಾಗಿಲಲ್ಲಿ ನಿಂತು,
"ಎರಡೂ ಕೈ ಬೇಕಾಯಿತು."
ಅಂಗೈಯಗಲದ ಮೀನಿಗೂ
ಎರಡೂ ಕೈ ಹಚ್ಚುವವನು ಅವನು.

ಒಂದು ಒತ್ತಿದೆ.
ಬರಿ ಬಳೆ; ಒಳಗೆ ಏನೂ ಇಲ್ಲ.

ಪ್ರಿಂಟರಿನಲ್ಲಿ ಕಿತ್ತಳೆ ಕೊಂಚ ಹಳದಿಗೆ ತಿರುಗಿತ್ತು.
ಬಿಸಿ ಹಾಳೆಯನ್ನು ಅವನ ಮುಂದೆ ಹಿಡಿದೆ, ಹೇಗೆ ಕಾಣುತ್ತದೆ?
ಅವನು ಕನ್ನಡಕ ಹುಡುಕಿ, ಒರೆಸಿ, ಹಾಕಿಕೊಂಡು
ಬಹಳ ಹೊತ್ತು ನೋಡಿದ.
"ನಿನಗೆ ಕಂಡ ಹಾಗೆಯೇ" ಅಂದ.