ಆರನೇ ಬಾಯಿ

ಹಳೇ ಪಟ್ಟಿ ದೇಶಮುಖ ಸರ್ ಕಡೆ ಇತ್ತು.
ನೌಬಾದಿನ ಸುರಂಗದ ಒಂದೊಂದು ಬಾಯಿಗೂ
ಹಗ್ಗ ಇಳಿಸಿ, ನೀರು ಅಳೆದು,
ನಾವು ಅವರಿಗೆ ಮೇಲ್ ಕಳಿಸ್ತಿದ್ವಿ,
ಅವರು ಎಲ್ಲರಿಗೂ.
ಸರ್‌ಗೆ ಬಳ್ಳಾರಿಗೆ ವರ್ಗ ಆಯ್ತು,
ಪಾಸ್‌ವರ್ಡೂ ಜೋಡಿ ಹೋಯ್ತು.
ಕಳಿಸಿದ್ದೆಲ್ಲ ಎರಡು ತಿಂಗಳು ವಾಪಸ್ ಬಂತು,
ಕದ ತೆರೀದ ಮನಿಯಿಂದ ತಿರುಗಿದ ಹಾಲಿನವನ ಹಂಗ.

ಈಗ ಪಟ್ಟಿ ಯಾರ ಮನ್ಯಾಗೂ ಇಲ್ಲ,
ಎಲ್ಲರ ಮನ್ಯಾಗೂ ಅದ.
ನಸೀಮಳ ಫೋನಿನಿಂದ ನನ್ನದಕ್ಕ,
ನನ್ನದರಿಂದ ಎಲೀಶನದಕ್ಕ;
ಬಸವಂತ ಎರಡು ದಿನ ಹುಮನಾಬಾದಿಗೆ ಹೋದರ
ಅವನ ಪಾಲು ಕಾಯ್ತದ, ಸಿಟ್ಟಿಲ್ಲದೆ.

ಒಂದೇ ತೊಡಕು. ಆಷಾಢದಾಗ ಒಮ್ಮೆ
ಮೂರು ಮೊಳ ಅನ್ನೋದು ಮೂವತ್ತು ಅಂತ ಬರದೆ.
ಅಳಿಸೋರು ಯಾರು?
ಹನ್ನೊಂದು ಜೇಬಿನಾಗ ನನ್ನ ತಪ್ಪು
ಇನ್ನೂ ತುಂಬಿ ಹರೀತದ.
ನಸೀಮ ನಗ್ತಾಳ: "ನಿನ್ನ ಬಾಯಾಗ ಮಳಿ ಜಾಸ್ತಿ ಬಿಡವ್ವ."

ಹಂಗೇ ಯಾಕೂಬಜ್ಜನ ಹೆಸರೂ ತೆಗಿಯೋರಿಲ್ಲ.
ಅಜ್ಜ ತೀರಿ ವರ್ಷಾಯ್ತು.
ಹೊಸ ಫೋನು ಕೊಂಡ ಪೋರ
ನಮ್ಮ ಜೋಡಿ ಸೇರಿದ ಕೂಡಲೆ
ಮೊದಲು ಬರೋದು ಅಜ್ಜನ ಸಾಲು:
"ಆರನೇ ಬಾಯಿ. ಎರಡು ಮೊಳ. ನೀರು ತಿಳಿ ಅದ.
ನಿಮ್ಮ ಕಡೆ?"