ಎರಡು ಬಿಳಿ ಕೂಡಿದರೆ

ಹತ್ತಿರ ಬಾ ಮರಿ, ಹೆದರಬೇಡ.
ಇದು ಕಂದು. ಇದೂ ಕಂದು. ಹತ್ತೊಂಬತ್ತು ಡಬ್ಬಿಯೂ ಕಂದೇ.
ಪಕ್ಕದ ಮೇಜಿಗೆ ಜನ ಮುಗಿಬಿದ್ದಿದ್ದಾರೆ, ಅಲ್ಲಿ
ಹವಳದ ಬೆನ್ನು, ಕೆಂಪು ಕಣ್ಣು, ನಾಲ್ಕಂಕಿಯ ಬೆಲೆ.
ಬೆಳಗಿನಿಂದ ನನ್ನ ಹತ್ತಿರ ಬಂದವರು
ಶೌಚಾಲಯ ಎಲ್ಲಿ ಎಂದು ಕೇಳಿ ಹೋದರು.

ನಾನು ಎವಾಲ್ಡ್ ಪಿಯೊಂಟೆಕ್, ಬೊಟ್ರಪ್‌ನವನು.
ಇಪ್ಪತ್ತೇಳು ವರ್ಷ ನೆಲದಡಿ, ಸಾವಿರ ಮೀಟರು.
ಅಪ್ಪ ಅಟ್ಟದಲ್ಲಿ ಓಟದ ಪಾರಿವಾಳ ಸಾಕಿದ್ದ,
ಭಾನುವಾರ ಗಡಿಯಾರ ಹಿಡಿದು ಆಕಾಶ ಕಾಯುತ್ತಿದ್ದ.
ನನಗೆ ಆಕಾಶದ ಅಭ್ಯಾಸವಿಲ್ಲ.
ಗಣಿ ಮುಚ್ಚಿದಾಗ ಕೈಗಿಟ್ಟ ದುಡ್ಡಿನಲ್ಲಿ
ನೆಲಮಾಳಿಗೆಗೇ ಮತ್ತೆ ಇಳಿದೆ:
ಆರು ಗಾಜಿನ ಪೆಟ್ಟಿಗೆ, ಬಿಸಿ ದೀಪ, ತೇವದ ವಾಸನೆ.
ಮೇಲೆ ಹಿಲ್ಟ್ರೂಡ್ ಕರೆಂಟು ಬಿಲ್ಲು ಕೂಡಿಸುತ್ತಿದ್ದಳು.

ಬಿಳಿ ಬೋವಾ ಎಂದರೆ ಪೂರ್ತಿ ಬಿಳಿಯಲ್ಲ,
ಕೆನೆಯ ಮೇಲೆ ಜೇನು ಚೆಲ್ಲಿದ ಹಾಗೆ.
ಗಂಡು ಇಲ್ಲೇ ಕೊಂಡದ್ದು. ಹೆಣ್ಣು ಫೆನ್ಲೋ ಕಡೆಯದು,
ಮೂರು ಸಾವಿರದ ಇನ್ನೂರು ಯೂರೋ, ಎಣಿಸಿ ಕೊಟ್ಟೆ.
ಯಾವ ವಂಶ ಎಂದು ನಾನು ಕೇಳಲಿಲ್ಲ.
ಬಿಳಿ ಬಿಳಿಯೇ ಅಲ್ಲವೇ ಅಂದುಕೊಂಡೆ.

ನಾಲ್ಕು ವರ್ಷ ಬೆಳೆಸಿದೆ. ಬಸಿರಾಯಿತು.
ಅಷ್ಟರಲ್ಲಿ ಬಿಳಿಯ ಬೆಲೆ ನಾನೂರಕ್ಕೆ ಇಳಿದಿತ್ತು,
ಎಲ್ಲರ ಮನೆಯಲ್ಲೂ ಬಿಳಿ ಹುಟ್ಟಿತ್ತು,
ನನ್ನ ಮನೆ ಒಂದು ಬಿಟ್ಟು.

ಮಾರ್ಚಿಯ ರಾತ್ರಿ. ಟಾರ್ಚು ಬಿಟ್ಟು ನೋಡುತ್ತೇನೆ,
ಮೂರು ಹಳದಿ ಗಟ್ಟಿ, ಜೀವ ಕಟ್ಟದ್ದು,
ಮಿಕ್ಕವು ಪೊರೆ ಹರಿದು ಹರಿದಾಡುತ್ತಿವೆ:
ಕಂದು, ಕಂದು, ಕಂದು, ಬೆನ್ನಿನ ತುಂಬ ಕರಿ ಜೀನು.
ತಾಯಿ ಅವುಗಳ ನಡುವೆ
ಬೇರೆ ಯಾರದೋ ಮದುವೆಗೆ ಬಂದವಳಂತೆ ಬೆಳ್ಳಗೆ ಮಲಗಿದ್ದಳು.
ನೂಲಿನಂತೆ ಸೀರೆ ಅನ್ನುತ್ತಾರಲ್ಲ,
ಅಂದವರು ಮಗ್ಗದ ಒಳಗೆ ಇಣುಕಿದವರಲ್ಲ.

ನನಗೆ, ನನಗಾದರೂ ಹೊಳೆಯಬೇಕಿತ್ತು.
ಇದ್ದಲು ಮೇಲೆ ಬರಬೇಕೆಂದರೆ
ಕೆಳಗೆ ಕೊರೆಯುವ ಯಂತ್ರ ಓಡಬೇಕು,
ಮೇಲೆಳೆಯುವ ಹಗ್ಗ ಗಟ್ಟಿ ಇರಬೇಕು.
ಒಂದು ಗಣಿಯಲ್ಲಿ ಯಂತ್ರ ಕೆಟ್ಟಿದೆ,
ಇನ್ನೊಂದರಲ್ಲಿ ಹಗ್ಗ ಹರಿದಿದೆ.
ಎರಡರ ಬಾಯಲ್ಲೂ ಇದ್ದಲಿಲ್ಲ,
ದಾರಿಹೋಕನಿಗೆ ಎರಡೂ ಒಂದೇ.
ಎರಡನ್ನೂ ಸೇರಿಸು:
ಇದರ ಹಗ್ಗ, ಅದರ ಯಂತ್ರ.
ಕರಿ ಉಕ್ಕಿ ಬರುತ್ತದೆ.

ಅತ್ತೆನೇ? ಇಲ್ಲ. ಒಬ್ಬನೇ ನಕ್ಕೆ,
ಹಿಲ್ಟ್ರೂಡ್ ಮೆಟ್ಟಿಲ ತುದಿಯಿಂದ ಕೂಗಿ ಕೇಳುವಷ್ಟು.
ಎಷ್ಟೋ ವರ್ಷದ ಮೇಲೆ
ನಮ್ಮ ಮನೆಯಲ್ಲಿ ಒಂದು ಪಾಳಿ ಇದ್ದಲು ಎತ್ತಿತ್ತು.

ಪೇಟೆಯವರಿಗೆ ಬೆರಕೆ ಬೇಡ.
ಇವು ತಮ್ಮೊಳಗೇ ಕೂಡಿದರೆ ಹದಿನಾರಕ್ಕೆ ಏಳು ಬಿಳಿ, ಲೆಕ್ಕದಲ್ಲಿ.
ಆದರೆ ಯಾವ ಗಣಿಯ ಬಿಳಿ ಎಂದು
ಕಣ್ಣಲ್ಲಿ ನೋಡಿ ಹೇಳುವವರಿಲ್ಲ.
ಆದರೂ ಚೀಟಿಯ ಮೇಲೆ ‘ಡಬಲ್ ಹೆಟ್’ ಎಂದು ಬರೆದಿದ್ದೇನೆ,
ಮುಚ್ಚಿಟ್ಟು ಮಾರುವ ವಂಶ ನಮ್ಮದಲ್ಲ.
ಹಾಗೆಂದರೆ, ಮರಿ, ಎರಡು ದೀಪ ಒಳಗೆ ಆರಿಸಿಟ್ಟಿವೆ.

ಅದೇ? ಮೂಲೆಯ ಡಬ್ಬಿಯದೇ?
ಬಾಲದ ಹತ್ತಿರ ಇಟ್ಟಿಗೆ ಕೆಂಪು ಇದೆ, ಹೌದು, ಅದನ್ನು
ಇಡೀ ದಿನ ಒಬ್ಬರೂ ನೋಡಿರಲಿಲ್ಲ.
ನಾಲಗೆ ಚಾಚುತ್ತಿದೆ. ಬೆರಳು ಅಲ್ಲಾಡಿಸಬೇಡ.
ಇರಲಿ, ಅದು ನೀನು ಯಾರೆಂದು ಕೇಳುತ್ತಿದೆ ಅಷ್ಟೇ.

ಐವತ್ತು ಯೂರೋ, ಅಮ್ಮಾ. ನಲವತ್ತೈದು ಕೊಡಿ.
ಕಾಗದಪತ್ರ ಸರಿಯಿದೆ, ಇಲ್ಲಿ ನನ್ನ ಸಹಿ.
ಎರಡು ಮೀಟರು ಬೆಳೆಯುತ್ತದೆ, ಈಗಲೇ ಹೇಳಿದ್ದೇನೆ,
ನೀವು ಸೋಫಾ ಬದಲಿಸುವ ಹೊತ್ತಿಗೂ ಇರುತ್ತದೆ.
ಇಲಿಯನ್ನು ಬೆಚ್ಚಗೆ ಮಾಡಿ ಕೊಡು, ಚಿಮಟದಲ್ಲಿ.
ನುಂಗಿದ ಮೇಲೆ ಎರಡು ದಿನ ಮುಟ್ಟಬೇಡ.
ಕೋಟಿನ ಒಳಗಿಟ್ಟುಕೊಂಡು ಹೋಗು,
ಹೊರಗೆ ಗಾಳಿ ಇದೆ.